ಆರದ ಗಂಜಿ

ಬಾಗಿಲನ್ನು ಯಾರೋ ಮೂರು ಸಲ ತಟ್ಟಿದರು. ಎರಡು ಸಲ ಬೆನ್ನುಬೆನ್ನಿಗೆ. ಮೂರನೆಯದು ತುಸು ತಡೆದು, ತಟ್ಟಲೋ ಬೇಡವೋ ಎಂಬಂತೆ.

ರಾತ್ರಿಯ ಊಟದ ಗಂಟೆ ಬಾರಿಸಿ ಅರ್ಧ ತಾಸಾಗಿತ್ತು. ಹಾಸ್ಟೆಲಿನ ಹುಡುಗಿಯರೆಲ್ಲ ಕೆಳಗೆ ಊಟದ ಮನೆಯಲ್ಲಿದ್ದರು. ಹೊರಗೆ ಶಿವರಾತ್ರಿ ಕಳೆದ ಮೇಲಿನ ಸೆಕೆ. ನಾನು ಮಾತ್ರ ಎರಡು ಕಂಬಳಿ ಹೊದ್ದು, ಕಾಲುಚೀಲ ತೊಟ್ಟು, ಮಂಚದ ಮೇಲೆ ಮುದುಡಿ ಕುಳಿತಿದ್ದೆ. ಮಂಚದಿಂದ ಬಾಗಿಲಿಗೆ ಆರು ಹೆಜ್ಜೆ. ಅಷ್ಟರೊಳಗೆ ಎರಡು ಕಡೆ ಗೋಡೆ ಹಿಡಿದು ನಿಲ್ಲಬೇಕಾಯಿತು. ಬಾಗಿಲು ತೆರೆದಾಗ ಉದ್ದನೆಯ ಪಡಸಾಲೆ ಖಾಲಿಯಾಗಿತ್ತು. ಹೊಸ್ತಿಲ ಹೊರಗೆ ಒಂದು ಸ್ಟೀಲು ಬಟ್ಟಲು. ಅದರಲ್ಲಿ ಅಕ್ಕಿಯ ಗಂಜಿ, ಹೆಚ್ಚೆಂದರೆ ಮೂರು ತುತ್ತು. ಪಕ್ಕದಲ್ಲಿ ಬೋರಲು ಮಲಗಿಸಿದ ಒಂದು ಚಮಚ. ಆವಿ ನೆಟ್ಟಗೆ ಏಳುತ್ತಿತ್ತು.

ಗಂಜಿಯ ವಾಸನೆ ತಾಗದಂತೆ ಮೂಗಿಗೆ ಕಂಬಳಿ ಒತ್ತಿಕೊಂಡೆ. ನಾನು ಬಾಗಿಲು ಮುಚ್ಚಿಕೊಂಡೆ. ಬೆಳಿಗ್ಗೆ ಮತ್ತೆ ತೆರೆದಾಗ ಬಟ್ಟಲು ಅಲ್ಲೇ ಇತ್ತು, ತೆಳುವಾದ ಆವಿಯೂ ಇತ್ತು.

ಆ ಊರಿನಲ್ಲಿ ಒಬ್ಬರ ಹೆಸರು ಹೇಳಿ ಬಡಿಸಿದ ಅನ್ನ, ಆ ಹೆಸರಿನವರು ಉಣ್ಣುವ ತನಕ ಆರುವುದಿಲ್ಲ. ಆದ್ದರಿಂದ ಪ್ರತಿ ಮನೆಯ ಅಡುಗೆ ಕೋಣೆಯಲ್ಲೂ ಕಾಯುವ ಹಲಗೆಯೊಂದು ಇರುತ್ತದೆ. ಮುನಿಸಿಕೊಂಡು ಮಲಗಿದ ಗಂಡನ ತಟ್ಟೆ, ದೂರದ ಊರಿಗೆ ಬಸ್ಸು ಓಡಿಸುವ ಮಗನ ತಟ್ಟೆ, ಎಲ್ಲ ಅದರ ಮೇಲೆ ಸಾಲಾಗಿ ಹೊಗೆಯಾಡುತ್ತವೆ. ಗಂಡನ ಮನೆಗೆ ಹೋದ ಮಗಳ ಹೆಸರಿಗೆ ಮಾತ್ರ ಬಡಿಸಬೇಡಿ ಎಂದು ಅಲ್ಲಿಯ ಹಿರಿಯರು ತಾಯಂದಿರಿಗೆ ಹೇಳುತ್ತಾರೆ, ಹಲಗೆ ಸಾಲುವುದಿಲ್ಲವೆಂದು. ಬಡಿಸುವವರು ಮೊದಲು ಅದೇ ಪಾತ್ರೆಯಿಂದ ಒಂದು ತುತ್ತು ತಾವು ಉಂಡು, ಉಂಡ ಚಮಚವನ್ನು ತಟ್ಟೆಯ ಪಕ್ಕ ಬೋರಲು ಇಡಬೇಕು. ಉಣ್ಣದೆ ಬಡಿಸಿದ್ದು ಉಳಿದೆಲ್ಲ ಊರುಗಳ ಅನ್ನದಂತೆ ಆರಿ ಹಳಸುತ್ತದೆ. ಹೆಸರಿನವರು ಒಂದು ತುತ್ತು ಬಾಯಿಗಿಟ್ಟ ಕೂಡಲೆ ಆವಿ ನಿಲ್ಲುತ್ತದೆ. ಬೇರೆ ಯಾರು ಕೈ ಹಾಕಿದರೂ ನಿಲ್ಲುವುದಿಲ್ಲ. ನಾನು ಓದಲೆಂದು ಆ ಊರಿಗೆ ಬಂದ ಮೊದಲ ವಾರ ಬೆರಗಾದೆ. ಎರಡನೆಯ ವಾರ ಸಿನಿಮಾ ನೋಡಿ ತಡವಾಗಿ ಬಂದು, ಬಿಸಿ ಸಾರು ಅನ್ನ ಉಂಡು ಮಲಗಿದೆ. ರೂಢಿಯಾಗಲು ಅಷ್ಟೇ ಸಾಕಾಯಿತು.

ಹಾಸ್ಟೆಲಿನ ಅಡುಗೆಯ ನೀಲವ್ವ ನೂರ ಹನ್ನೆರಡು ಹುಡುಗಿಯರ ಹೆಸರು ಹೇಳಿ ಹೊತ್ತು ಹೊತ್ತಿಗೆ ಬಡಿಸುತ್ತಿದ್ದಳು. ಉಣ್ಣದವರ ತಟ್ಟೆ ಊಟದ ಮನೆಯ ಹಿಂದಿನ ಗೋಡೆಯ ಹಲಗೆಗೆ ಏರುತ್ತಿತ್ತು. ಆ ವರ್ಷ ನನ್ನ ಹೆಸರಿನ ತಟ್ಟೆಗಳು ಅಲ್ಲಿ ಎಂಬತ್ತೇಳು ಇದ್ದವು. ನನಗೆ ಅದರ ಬಗ್ಗೆ ಹೆಮ್ಮೆಯಿತ್ತು.

ಹೆಮ್ಮೆ ಎಲ್ಲಿಂದ ಬಂತೆಂಬುದನ್ನು ಹೇಳಬೇಕು. ನಾನು ವಿಶ್ವವಿದ್ಯಾಲಯದಲ್ಲಿ ಆಹಾರ ವಿಜ್ಞಾನ ಓದುತ್ತಿದ್ದೆ. ಮುಖದ ಮೊಡವೆಗಾಗಿ ಮೊದಲು ಸಕ್ಕರೆ ಬಿಟ್ಟೆ. ಮೊಡವೆ ಹೋಯಿತು, ಬಿಡುವ ಚಟ ಉಳಿಯಿತು. ಎಣ್ಣೆ ಬಿಟ್ಟೆ, ಹಾಲು ಬಿಟ್ಟೆ, ಅಕ್ಕಿ ಬಿಟ್ಟೆ, ಉಪ್ಪು ಬಿಟ್ಟೆ. ಕೊನೆಗೆ ಇನ್ನೊಬ್ಬರ ಕೈ ತಾಗಿದ ಯಾವುದನ್ನೂ ತಿನ್ನದಾದೆ. ಒಂದೊಂದನ್ನು ಬಿಟ್ಟಾಗಲೂ ಮೈ ತೊಳೆದುಕೊಂಡಷ್ಟು ಹಗುರಾಗುತ್ತಿತ್ತು. ನನ್ನಂಥವರು ಹಾಸ್ಟೆಲಿನಲ್ಲಿ ಇನ್ನೂ ಐವರಿದ್ದರು. ನಮ್ಮ ಗುಂಪಿನ ಹೆಸರು ನಿರ್ಮಲ ಬಳಗ. ಅದನ್ನು ಕಟ್ಟಿದವಳು ಕೊನೆಯ ವರ್ಷದ ನಿರುಪಮಾ. ಎತ್ತರದ ಹುಡುಗಿ, ಮಾತು ಕಡಿಮೆ. ಬೇಯಿಸಿದ ಅನ್ನವನ್ನು ಅವಳು ಎರಡು ವರ್ಷದಿಂದ ಬಾಯಿಗಿಟ್ಟಿಲ್ಲವೆಂದು ಜೂನಿಯರುಗಳು ದನಿ ತಗ್ಗಿಸಿ ಹೇಳುತ್ತಿದ್ದರು. ಬಳಗಕ್ಕೆ ಸೇರಿದವಳಿಗೆ ಅವಳು ಒಂದು ಕೆಂಪು ದಾರ ಕೊಡುತ್ತಿದ್ದಳು. ಅದನ್ನು ಮಣಿಕಟ್ಟಿಗೆ ಸುತ್ತಿಕೊಂಡಿರಬೇಕು. ಭಾನುವಾರ ಬಿಚ್ಚಿ ಸೊಂಟ ಅಳೆದು, ಮಿಕ್ಕಷ್ಟನ್ನು ಕತ್ತರಿಸಬೇಕು. ನನ್ನ ದಾರ ಮಣಿಕಟ್ಟಿಗೆ ಮೊದಲು ಐದು ಸುತ್ತು ಬರುತ್ತಿತ್ತು. ದಾರ ಗಿಡ್ಡವಾದಂತೆ ಮಣಿಕಟ್ಟೂ ಸಣ್ಣದಾಗಿ, ಸುತ್ತು ಮಾತ್ರ ಐದೇ ಉಳಿದವು. ಅದರಲ್ಲಿ ಏನೋ ತಪ್ಪಿದೆ ಎಂದು ಆಹಾರ ವಿಜ್ಞಾನದ ವಿದ್ಯಾರ್ಥಿನಿಗೆ ಹೊಳೆಯಲಿಲ್ಲ.

ಬೇರೆ ಊರಿನಲ್ಲಿ ಉಪವಾಸವಿದ್ದವರ ಶಿಸ್ತು ಯಾರಿಗೂ ಕಾಣುವುದಿಲ್ಲ. ಇಲ್ಲಿ ಅದು ಹಲಗೆಯ ಮೇಲೆ ಹೊಗೆಯಾಡುತ್ತಿತ್ತು. ಯಾರ ತಟ್ಟೆಗಳು ಹೆಚ್ಚೋ ಅವಳು ಗಟ್ಟಿಗಿತ್ತಿ. ದಿನಾ ಸಂಜೆ ನಿರುಪಮಾ ಸ್ಟೂಲು ಹತ್ತಿ, ಒಂದೊಂದು ತಟ್ಟೆಯ ಅಂಚನ್ನು ಬೆರಳಿನಿಂದ ಮುಟ್ಟಿ ಎಣಿಸುತ್ತಿದ್ದಳು. ನಾವು ಕೆಳಗೆ ನಿಂತು ತಲೆ ಎತ್ತಿ ನೋಡುತ್ತಿದ್ದೆವು. ನೀಲವ್ವ ಒಲೆಯ ಹತ್ತಿರದಿಂದ ಗೊಣಗುತ್ತಿದ್ದಳು: "ಉಣ್ಣೂದಿಲ್ಲ ಅಂದ್ರ ಬಿಡ್ರಿ. ನನ್ನ ತಟ್ಟಿ ಯಾಕ ಹಿಡದಿಡ್ತೀರಿ? ನಾಳಿ ಪೇಪರಿನ ಮ್ಯಾಗ ಬಡಸ್ಲೇನು?"

ಬಾಗಿಲು ತಟ್ಟಿದ ಆ ದಿನದ ಸಂಜೆಯೂ ಎಣಿಕೆ ನಡೆದಿತ್ತು. ನನ್ನ ಸಾಲಿಗೆ ಬಂದಾಗ ನಿರುಪಮಾ ಬೆರಳನ್ನು ಸರಕ್ಕನೆ ಹಿಂದೆ ತೆಗೆದಳು. ಮತ್ತೊಂದನ್ನು ಮುಟ್ಟಿದಳು, ಇನ್ನೊಂದನ್ನು ಮುಟ್ಟಿದಳು. ಆಮೇಲೆ ಸ್ಟೂಲಿನಿಂದ ಇಳಿದು, "ಇವತ್ತು ಎಣಿಸಿದ್ದು ಸಾಕು," ಎಂದು ಹೊರಟುಹೋದಳು. ನಾನು ಅವಳನ್ನು ಮೀರಿಸಿದ್ದೇನೆ, ಅದಕ್ಕೇ ಸಿಟ್ಟು ಎಂದುಕೊಂಡು ಒಳಗೊಳಗೆ ಹಿಗ್ಗಿದೆ.

ಮರುದಿನ ಬೆಳಿಗ್ಗೆ ನೀಲವ್ವ ಎರಡು ಮಹಡಿ ಹತ್ತಿ ನನ್ನ ಕೋಣೆಗೆ ಬಂದಳು. ಮೊಣಕಾಲು ನೋವಿನ ಹೆಂಗಸು. ಹಾಗೆ ಬಂದದ್ದು ಅದೇ ಮೊದಲು. ಕೈಯಲ್ಲಿ ದೀಪಾವಳಿಯ ಹೋಳಿಗೆಯ ತಟ್ಟೆ. ನನ್ನ ಕೋಣೆಯ ಜೊತೆಗಾತಿ ಮೆಹರುನ್ನಿಸಾ ತಲೆ ಬಾಚುತ್ತಿದ್ದವಳು ಹಾಗೇ ನಿಂತಳು.

"ತಂಗಿ, ಇದನ್ನ ಮುಟ್ಟು," ಎಂದಳು ನೀಲವ್ವ.

"ನಾ ಹೋಳಿಗಿ ತಿನ್ನೂದಿಲ್ಲ ನೀಲವ್ವ."

"ತಿನ್ನಂತ ಯಾರು ಅಂದ್ರು? ಮುಟ್ಟು ಅಂದೆ."

ಮುಟ್ಟಿದೆ. ಬೆರಳು ಸುಡಲಿಲ್ಲ. ಹೋಳಿಗೆ ಉಗುರುಬೆಚ್ಚಗಿತ್ತು.

"ಇದೊಂದ ಅಲ್ಲ. ನಿನ್ನ ಹೆಸರಿನ್ವು ಅಷ್ಟೂ ಹಿಂಗ ಆಗ್ಯಾವ," ಎಂದು ಅವಳು ನನ್ನ ಮಂಚದ ತುದಿಗೆ ಕುಳಿತಳು. "ನನ್ನ ಗಂಡ ಕಲ್ಲಿನ ಗಣಿಗೆ ಹೋಗಾಂವ. ಒಂದಿನ ಮಧ್ಯಾನ್ಹ ಅವನ ತಟ್ಟಿ ಉಗುರುಬೆಚ್ಚಗಾತು. ಯಾಕಿರಬೇಕಂತ ನಾ ನೋಡಕೋತ ಕುಂತೆ. ಸಂಜೀಕ ಪೂರಾ ತಣ್ಣಗಾತು. ಸುದ್ದಿ ಹೇಳಾಕ ಬಂದವರಿಗಿಂತ ಮೊದಲ ನನಗ ಗೊತ್ತಿತ್ತು." ಅವಳು ಸೆರಗಿನಿಂದ ತಟ್ಟೆಯ ಅಂಚು ಒರೆಸಿದಳು. "ಈಗ ನೋಡಕೋತ ಕುಂದ್ರೂದು ನನ್ನಿಂದ ಆಗೂದಿಲ್ಲವ್ವ."

ಎಷ್ಟೋ ತಿಂಗಳ ಮೇಲೆ ನಾನು ಹೆದರಿದೆ. ಆದರೆ ಹೆದರಿದ ಮಾತ್ರಕ್ಕೆ ಬಾಯಿ ತೆರೆಯುವುದಿಲ್ಲವೆಂಬುದು ಅಂದೇ ಗೊತ್ತಾದದ್ದು. ಮೆಹರ್ ಹೋಳಿಗೆಯ ಚೂರು ಮುರಿದು ತುಟಿಗೆ ಹಿಡಿದಳು. ಬೆಲ್ಲ, ಮೈದಾ, ತುಪ್ಪ, ನೀಲವ್ವನ ಕೈ, ಮೆಹರಳ ಕೈ: ತಲೆಯೊಳಗೆ ಒಂದೊಂದೇ ಹೆಸರು ಕೂಗಿದಂತಾಗಿ ಹಲ್ಲು ಕಚ್ಚಿಕೊಂಡವು. ವಾರ್ಡನ್ ಫಿಲೋಮಿನಾ ಮೇಡಂ ಬಂದು, ನನ್ನನ್ನು ರಿಕ್ಷಾದಲ್ಲಿ ಕೂರಿಸಿ ವೈದ್ಯರ ಹತ್ತಿರ ಕರೆದೊಯ್ದರು. ವೈದ್ಯರು ಬಾಟಲಿ ಏರಿಸಿದರು, ಔಷಧಿ ಬರೆದರು, ದಿನ ಬಿಟ್ಟು ದಿನ ಬಂದು ತೋರಿಸಬೇಕೆಂದರು. "ನಾನು ಕೊಡೋದೆಲ್ಲ ಕೊಡ್ತೀನಮ್ಮ. ಬಾಯಿ ತೆರೆಯೋದು ಮಾತ್ರ ನಿನ್ನ ಕೆಲಸ. ಒಮ್ಮೆಗೇ ತಟ್ಟೆ ಊಟ ಬೇಡ. ಎರಡು ಮೂರು ತುತ್ತು, ಅಷ್ಟರಿಂದ ಶುರುವಾಗಬೇಕು," ಎಂದರು.

ಆ ರಾತ್ರಿ ಮತ್ತೆ ಬಾಗಿಲು ತಟ್ಟಿದ ಸದ್ದಾಯಿತು. ಎರಡು ಸಲ, ತಡೆದು ಒಂದು ಸಲ. ಹೊಸ್ತಿಲಲ್ಲಿ ಹೊಸ ಬಟ್ಟಲು, ಮತ್ತೆ ಮೂರೇ ತುತ್ತು, ಬೋರಲು ಚಮಚ. ಆದರೆ ಈ ಸಲ ಹಿಂದಿನ ದಿನದ ನೇರ ಆವಿಯಿಲ್ಲ. ತೆಳ್ಳಗೆ, ಆಗಾಗ ತುಂಡಾಗುವ ಆವಿ. ನನ್ನದೇ ಉಸಿರನ್ನು ನಾನು ಹೊಸ್ತಿಲಿನೀಚೆ ನಿಂತು ನೋಡುತ್ತಿದ್ದಂತಿತ್ತು. ಅಲ್ಲೇ ನೆಲಕ್ಕೆ ಕುಳಿತು, ಚಮಚ ತಿರುಗಿಸಿ, ಒಂದು ತುತ್ತು ಬಾಯಿಗಿಟ್ಟೆ. ನುಂಗಲು ಹತ್ತು ನಿಮಿಷ ಹಿಡಿಯಿತು. ತಳ ಹತ್ತಿದ ಗಂಜಿ, ಉಪ್ಪೂ ಇರಲಿಲ್ಲ. ಆವಿ ನಿಂತಿತು. ನಾನು ಅಳತೊಡಗಿದೆ. ಅಳುತ್ತಲೇ ಇನ್ನೊಂದು ತುತ್ತು ಉಂಡೆ.

ಅದೇಕೆ ಸಾಧ್ಯವಾಯಿತು ಎಂದು ಬಹಳ ಸಲ ಯೋಚಿಸಿದ್ದೇನೆ. ಎದುರಿಗೆ ಯಾರೂ ಇರಲಿಲ್ಲ. ಯಾರೂ ತಿನ್ನು ಎನ್ನಲಿಲ್ಲ. ಮೂರು ತುತ್ತನ್ನು ಅಷ್ಟು ಕರಾರುವಾಕ್ಕಾಗಿ ಅಳೆದ ಆ ಕೈಗೆ, ನಾಲ್ಕನೆಯ ತುತ್ತು ನನಗೆಷ್ಟು ಭಯವೆಂಬುದು ಗೊತ್ತಿದ್ದಂತಿತ್ತು.

ಮರುರಾತ್ರಿಯೂ ಬಾಗಿಲು ತಟ್ಟಿದ ಸದ್ದಾಯಿತು, ಅದರ ಮರುರಾತ್ರಿಯೂ. ಮೂರು ತುತ್ತು ನಾಲ್ಕಾಯಿತು, ಆರಾಯಿತು. ಒಂದು ವಾರಕ್ಕೆ ಉಪ್ಪು ಬಿತ್ತು. ಹತ್ತನೆಯ ದಿನ ಹೆಸರುಬೇಳೆ ಕಾಣಿಸಿತು. ಹದಿನಾಲ್ಕನೆಯ ದಿನ ಒಂದು ತೊಟ್ಟು ತುಪ್ಪ. ಅಂದು ಬಟ್ಟಲನ್ನು ನೋಡುತ್ತ ಅರ್ಧ ತಾಸು ಕುಳಿತೆ, ಆದರೂ ಉಂಡೆ. ಕೆಳಗೆ ನನ್ನ ತಟ್ಟೆಗಳು ಮತ್ತೆ ಸುಡತೊಡಗಿದವು. ನೀಲವ್ವ ದಿನಕ್ಕೊಂದನ್ನು ನನ್ನ ಮುಂದೆ ತಂದಿಟ್ಟಳು. ಸಂಕ್ರಾಂತಿಯ ಪೊಂಗಲನ್ನು ನಾನು ಮಾರ್ಚಿನಲ್ಲಿ ಉಂಡೆ.

ಕಾಲಿಗೆ ಬಲ ಬಂದಂತೆ ಕುತೂಹಲಕ್ಕೂ ಬಂತು. ಯಾರು ಇವರು? ಬಾಗಿಲ ಹಿಂದೆಯೇ ಕಾದು ಕುಳಿತು, ತಟ್ಟಿದ ಕ್ಷಣವೇ ತೆರೆದು ನೋಡಿದೆ. ಮೆಟ್ಟಿಲಿನ ತಿರುವಿನಲ್ಲಿ ಬರಿಗಾಲಿನ ಸದ್ದು, ಅಷ್ಟೇ.

ಮೊದಲ ಅನುಮಾನ ಮೆಹರಳ ಮೇಲೆ. ಕೇಳಿದರೆ ಅವಳು ನಕ್ಕಳು. "ನಾ ತಂದಿದ್ರ ಹೊಸ್ತಿಲದಾಗ ಇಟ್ಟು ಓಡ್ತಿದ್ನೇನು? ನಿನ್ನ ಮೂಗು ಹಿಡದು ಬಾಯಾಗ ಸುರೀತಿದ್ದೆ." ಆಮೇಲೆ ತಲೆದಿಂಬನ್ನು ಸುಮ್ಮನೆ ಬಡಿಯುತ್ತ ಹೇಳಿದಳು: "ನಾ ಮಾಡಿದ್ದು ಬ್ಯಾರೆ ಚಂಪಾ. ನೀ ಮಲಗಿದ ಮ್ಯಾಲ ಎದ್ದೆದ್ದು ನಿನ್ನ ಮೂಗಿನ ಹತ್ರ ಕೈ ಹಿಡೀತಿದ್ದೆ. ಉಸಿರು ಅದನೋ ಇಲ್ಲೋ ಅಂತ. ಎಷ್ಟು ತಿಂಗಳಾತೋ. ಅದಕ್ಕ ಕ್ಲಾಸಿನಾಗ ತೂಕಡಿಸ್ತಿದ್ದೆ. ನೀ ನನಗ ಸೋಮಾರಿ ಅಂತಿದ್ದಿ."

ಎರಡನೆಯ ಅನುಮಾನ ನೀಲವ್ವನ ಮೇಲೆ. ನಾನು ಒಯ್ದು ತೋರಿಸಿದ ಗಂಜಿಯನ್ನು ಅವಳು ಬೆರಳಿಗೆ ಹಚ್ಚಿಕೊಂಡು ನೆಕ್ಕಿದಳು, ಮುಖ ಕಿವುಚಿದಳು. "ಇದನ್ನ ನಾ ಮಾಡೀನಿ ಅಂತ ಹೊರಗ ಎಲ್ಯರ ಹೇಳೀಯವ್ವ. ನನ್ನ ಮರ್ಯಾದಿ ಉಳಿಯೂದಿಲ್ಲ. ಮಾಡಿದಾಕಿ ಅಡಗಿ ಕಲಿಯಾಕತ್ತಾಳ ಈಗೀಗ." ಆದರೆ ಅಡುಗೆ ಮನೆಯಲ್ಲಿ ನನ್ನ ಕಣ್ಣಿಗೆ ಬೇರೆಯದೇ ಬಿತ್ತು. ನನ್ನ ಹೆಸರಿನ ತಟ್ಟೆಗಳೆಲ್ಲ ಗೋಡೆಯ ಹಲಗೆಯಿಂದ ಒಲೆಯ ಬದಿಯ ಕಟ್ಟೆಗೆ ಬಂದಿದ್ದವು. ಎಂಬತ್ತೇಳು ತಟ್ಟೆಗಳನ್ನು ಒಂದೊಂದಾಗಿ ಹೊತ್ತು ತಂದವಳು ಆ ಮೊಣಕಾಲು ನೋವಿನ ಹೆಂಗಸೇ. "ಬೆಂಕಿಗೂ ಅದಕ್ಕೂ ಸಂಬಂಧ ಇಲ್ಲ, ಗೊತ್ತೈತಿ. ಆದ್ರ ಮನಸ್ಸು ಕೇಳಬೇಕಲ್ಲ," ಎಂದು ಅವಳು ಮುಖ ಆಚೆ ತಿರುಗಿಸಿದಳು.

ಮೂರನೆಯವರು ಫಿಲೋಮಿನಾ ಮೇಡಂ. ಅವರ ಕೋಣೆಯಲ್ಲಿ, ಕಪಾಟಿನ ಪಕ್ಕ, ಬಟ್ಟೆ ಸುತ್ತಿದ ಆಳೆತ್ತರದ ವಸ್ತುವೊಂದು ಗೋಡೆಗೆ ಒರಗಿತ್ತು. ನಮ್ಮ ಮಹಡಿಯ ಸ್ನಾನದ ಮನೆಯಿಂದ ಕಳುವಾಗಿದ್ದ ಕನ್ನಡಿ. ಕನ್ನಡಿ ಕಳುವಾಗಿದೆ ಎಂದು ದೂರು ಬರೆದುಕೊಟ್ಟವಳು ನಾನೇ. "ದಿನಾ ನೀನು ಅದರ ಮುಂದೆ ಒಂದೊಂದು ಗಂಟೆ ನಿಲ್ಲೋದನ್ನು ನೋಡಿದ್ದೆ," ಎಂದರು ಅವರು. "ಬೇರೆ ಏನು ಮಾಡಬೇಕೋ ತೋಚಲಿಲ್ಲ. ಆದರೆ ಗಂಜಿ ನನ್ನದಲ್ಲಮ್ಮ. ದಿನಾ ಎಂಟೂವರೆಗೆ ಹಾಸ್ಟೆಲಿನ ದೀಪ ಮಂಕಾಗತ್ತೆ, ಗಮನಿಸಿದ್ದೀಯಾ? ಯಾರೋ ಕೋಣೆಯಲ್ಲಿ ಕದ್ದು ಕರೆಂಟ್ ಒಲೆ ಹಚ್ಚುತ್ತಿದ್ದಾರೆ. ನಿಯಮದ ಪ್ರಕಾರ ನಾನು ಹುಡುಕಬೇಕು. ಹುಡುಕಿದರೆ ಸಿಕ್ಕಿಬಿಡ್ತಾರಲ್ಲ ಅಂತ ಹುಡುಕಿಲ್ಲ."

ಅಪರಾಧಿಯನ್ನು ಹುಡುಕುತ್ತ ಹೊರಟವಳಿಗೆ ಹೀಗೆ ಹೋದಲ್ಲೆಲ್ಲ ಬೇರೆ ಬೇರೆ ಅಪರಾಧಿಗಳೇ ಸಿಕ್ಕರು. ನನ್ನ ಸುತ್ತ ಇಷ್ಟು ಜನ ಕಳ್ಳಹೆಜ್ಜೆಯಲ್ಲಿ ಓಡಾಡುತ್ತಿದ್ದಾಗ ನಾನು ನನ್ನ ಸೊಂಟವನ್ನಷ್ಟೇ ನೋಡಿಕೊಂಡಿದ್ದೆ.

ನಿರ್ಮಲ ಬಳಗದವರನ್ನು ಮಾತ್ರ ಪಟ್ಟಿಗೆ ಸೇರಿಸಲಿಲ್ಲ. ತಾನು ಒಂದು ತುತ್ತು ಉಣ್ಣದವರು ಬಡಿಸಿದ್ದು ಬಿಸಿ ಉಳಿಯುವುದಿಲ್ಲವಷ್ಟೆ. ಅಲ್ಲದೆ ನಾನು ಉಣ್ಣತೊಡಗಿದ ಸುದ್ದಿ ಹಬ್ಬಿದ ಮೇಲೆ ಅವರು ನನ್ನೊಡನೆ ಮಾತು ಬಿಟ್ಟಿದ್ದರು. ಇಪ್ಪತ್ತನೆಯ ದಿನವಿರಬೇಕು, ನಿರುಪಮಾ ಮೆಟ್ಟಿಲ ಮೇಲೆ ಎದುರಾದಳು.

"ನಿನ್ನೆ ಏನ್ ತಿಂದಿ?" ಎಂದು ಕೇಳಿದಳು. ದನಿಯಲ್ಲಿ ಬಿಸಿಯೂ ಇಲ್ಲ, ತಂಪೂ ಇಲ್ಲ.

"ಗಂಜಿ," ಎಂದೆ.

"ಎಷ್ಟು?"

"ಬಟ್ಟಲು ಪೂರಾ. ಬೇಕಾದ್ರ ಬಂದು ಎಣಿಸು."

ಅವಳು ಕೈ ಚಾಚಿದಳು. "ಹಂಗಾರ ನಿನ್ನ ದಾರ ವಾಪಸ್ ಕೊಡು."

ದಾರ ಬಿಚ್ಚಿ ಅವಳ ಅಂಗೈಗೆ ಎಸೆದಂತೆ ಕೊಟ್ಟೆ. ಮೂರು ದಿನ ಆ ಅವಮಾನ ಎದೆಯಲ್ಲಿ ಚುಚ್ಚುತ್ತಿತ್ತು. ನಾಲ್ಕನೆಯ ದಿನ ಬರಿ ಮಣಿಕಟ್ಟನ್ನು ನೋಡಿಕೊಂಡಾಗ ಒಳ್ಳೆಯದೇ ಆಯಿತೆನಿಸಿತು.

ಯುಗಾದಿಯ ರಜೆಗೆ ಎರಡು ದಿನ ಉಳಿದಿತ್ತು. ನನ್ನನ್ನು ಉಳಿಸಿದವರ ಹೆಸರು ತಿಳಿಯದೆ ಊರಿಗೆ ಹೋಗಲಾರೆ ಎಂದು ನೀಲವ್ವನ ಹತ್ತಿರ ಕುಳಿತು ಯೋಚಿಸಿದೆ. ಅವಳ ಒಲೆಯ ಮೇಲೆಯೇ ನಾನು ಗಂಜಿ ಬೇಯಿಸಿದೆ, ಒಂದು ತುತ್ತು ಉಂಡೆ, ಬಟ್ಟಲಿಗೆ ಹಾಕಿ, ಚಮಚವನ್ನು ಬೋರಲು ಇಟ್ಟೆ. "ಇದು ನನ್ನ ಬಾಗಿಲಿಗೆ ತಂದಿಟ್ಟವರದು," ಎಂದೆ.

"ಹೆಸರಿಲ್ಲದ ತಟ್ಟಿ ಕಾಯೂದು ನಾ ಎಲ್ಲೂ ಕಂಡಿಲ್ಲ," ಎಂದಳು ನೀಲವ್ವ. ಇಬ್ಬರೂ ಬಟ್ಟಲನ್ನೇ ನೋಡುತ್ತ ಕುಳಿತೆವು. ಒಂದು ತಾಸಾಯಿತು. ಎರಡು ತಾಸಾಯಿತು. ಆವಿ ಹಾಗೇ ಏಳುತ್ತಿತ್ತು. ನೀಲವ್ವ ಎರಡೂ ಕೈಯಿಂದ ನನ್ನ ಕೆನ್ನೆ ಸವರಿ ತನ್ನ ಹಣೆಗೆ ಒತ್ತಿ ನೆಟಿಗೆ ಮುರಿದಳು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕುಳಿತಿದ್ದಾಗ ಆ ಬಟ್ಟಲನ್ನು ನಡುವಿನ ಮೇಜಿನ ಮೇಲಿಟ್ಟು ಎದ್ದು ನಿಂತೆ. ನನಗೆ ಭಾಷಣ ಬರುವುದಿಲ್ಲ. "ನಾನು ಇವತ್ತು ನಿಂತು ಮಾತಾಡ್ತಿರೋದು ಯಾರಿಂದಲೋ ಅವರು ಇಲ್ಲೇ ಇದ್ದಾರೆ. ಅವರಿಗೊಂದು ತುತ್ತು ಬಡಿಸಿದ್ದೀನಿ. ದಯವಿಟ್ಟು ಉಣ್ಣಿ," ಎಂದಷ್ಟೇ ಹೇಳಿದೆ.

ಮೆಹರ್ ಮೊದಲು ಬಂದಳು. "ನಾ ಅಲ್ಲ ಅಂತ ಗೊತ್ತು, ಆದ್ರ ಹಸಿವಾಗೇದ," ಎಂದು ಒಂದು ತುತ್ತು ತೆಗೆದಳು. ಆವಿ ಏಳುತ್ತಲೇ ಇತ್ತು. ಫಿಲೋಮಿನಾ ಮೇಡಂ ಒಂದು ತುತ್ತು ಉಂಡರು. ಆವಿ ಏಳುತ್ತಲೇ ಇತ್ತು. ನೀಲವ್ವ ರುಚಿ ನೋಡಿ, "ಉಪ್ಪು ಸರಿಯಾಗೇತಿ," ಎಂದಳು. ನನ್ನ ತರಗತಿಯವರು, ಪಕ್ಕದ ಕೋಣೆಯವರು, ಹೆಸರೂ ಗೊತ್ತಿಲ್ಲದ ಹುಡುಗಿಯರು ಸಾಲಾಗಿ ಬಂದು ಚಮಚದ ತುದಿಯಷ್ಟು ತೆಗೆದುಕೊಂಡರು. ಬಟ್ಟಲು ತಳ ಕಾಣಲು ಬಂತು. ಉಳಿದದ್ದು ಒಂದೇ ತುತ್ತು, ಅದರ ಮೇಲೆ ಅದೇ ಹಠದ ಆವಿ. ನಾನು ತಲೆ ತಗ್ಗಿಸಿ ಆ ತುತ್ತನ್ನೇ ನೋಡುತ್ತಿದ್ದೆ.

ಬಾಗಿಲ ಬಳಿಯ ಬೆಂಚು ನೆಲಕ್ಕೆ ಉಜ್ಜಿದ ಸದ್ದಾಯಿತು. ಯಾರೋ ಬರಿಗಾಲಿನಲ್ಲಿ ನಡೆದು ಬರುತ್ತಿದ್ದರು. ಆ ಹೆಜ್ಜೆಯ ಸದ್ದು ನನಗೆ ಗೊತ್ತಿತ್ತು: ಮೆಟ್ಟಿಲಿನ ತಿರುವಿನಲ್ಲಿ ಅದನ್ನೇ ಕೇಳಿದ್ದೆ. ಮೇಜಿನ ಹತ್ತಿರ ಅದು ತುಸು ತಡೆಯಿತು, ಬರಲೋ ಬೇಡವೋ ಎಂಬಂತೆ.

ಒಂದು ಕೈ ನನ್ನ ಕಣ್ಣಿನ ಕೆಳಗೆ ಬಂತು. ಬೆರಳ ತುದಿಯಲ್ಲಿ ಕರೆಂಟ್ ಒಲೆಯ ತಂತಿ ತಾಗಿ ಸುಟ್ಟು ಒಣಗಿದ ಕಲೆ. ಮಣಿಕಟ್ಟು ಬರಿದು, ಆದರೆ ದಾರ ಸುತ್ತಿದ್ದ ಕಡೆ ಚರ್ಮ ಬೆಳ್ಳಗೆ ಉಳಿದಿತ್ತು. ಚಮಚ ಬಟ್ಟಲಿಗೆ ತಾಗಿ ಟಿಣ್ ಎಂದಿತು, ಆ ಕೊನೆಯ ತುತ್ತನ್ನು ಎತ್ತಿಕೊಂಡಿತು. ಒಂದು ತುತ್ತು ನುಂಗುವುದಕ್ಕೆ ಎಷ್ಟು ಹೊತ್ತು ಬೇಕೆಂದು ಅಲ್ಲಿದ್ದವರೆಲ್ಲರಿಗಿಂತ ನನಗೆ ಚೆನ್ನಾಗಿ ತಿಳಿದಿತ್ತು. ಆದ್ದರಿಂದ ನಾನು ಅವಸರ ಮಾಡಲಿಲ್ಲ. ನನ್ನ ಗಂಜಿ ಆರಬಾರದೆಂದು ಈ ಕೈ ಇಪ್ಪತ್ತಾರು ರಾತ್ರಿ, ನನಗಿಂತ ಮೊದಲು, ತಾನೊಂದು ತುತ್ತು ಉಂಡಿದೆ. ನಾನು ಅವಳ ಅನ್ನದಿಂದ ಬದುಕಿದೆ; ಅವಳು ನನ್ನ ನೆವದಿಂದ ಉಂಡಳು.

ಬಟ್ಟಲಿನ ತಳದಿಂದ ಏಳುತ್ತಿದ್ದ ಆವಿ ನಿಂತಿತು. ನಾನು ತಲೆ ಎತ್ತಿದೆ.

ನಿರುಪಮಾ.